ಆದೋನಿಯ ಹದಿನೈದು ಸಾವಿರ, ಸಿರುಗುಪ್ಪದ ಸಾವಿರದ ನಾನೂರು

ನನ್ನ ಎಡಗಾಲು ಪೋಲಿಯೊಗೆ ಹೋದದ್ದು. ಹಾಗಾಗಿ ಅಂಗವಿಕಲರ ಸೌಲಭ್ಯದ ಸುದ್ದಿ ಎಲ್ಲಿ ಹುಟ್ಟಿದರೂ ತಿರುಗಿ ತಿರುಗಿ ಕೊನೆಗೆ ನನ್ನ ಫೋನಿಗೆ ಬಂದೇ ಬರುತ್ತದೆ. ಷಡ್ಡಕ ಕಳಿಸುತ್ತಾನೆ, ಹಳೇ ವಿದ್ಯಾರ್ಥಿಗಳು ಕಳಿಸುತ್ತಾರೆ, ಯಾವುದೋ ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು ನಂಬರ್ ತಗೊಂಡಿದ್ದವರೂ ಕಳಿಸುತ್ತಾರೆ. 'ಅಂಗವಿಕಲರಿಗೆ ಭರ್ಜರಿ ಸಿಹಿಸುದ್ದಿ', 'ಈ ಕಾರ್ಡ್ ಇದ್ದವರ ಖಾತೆಗೆ ಹಣ ಜಮಾ', 'ಇಂದೇ ಕೊನೆಯ ದಿನ, ಎಲ್ಲರಿಗೂ ಶೇರ್ ಮಾಡಿ'. ಕಳಿಸಿದವರದು ಪ್ರೀತಿಯೇ, ಅದರಲ್ಲಿ ಅನುಮಾನವಿಲ್ಲ. ನಾನು ಸಂಬಳ ತಗೊಳ್ಳುವ ಮೇಷ್ಟ್ರು, ಮಾಸಾಶನ ನನಗೆ ಬರುವುದಿಲ್ಲ ಎಂದು ಗೊತ್ತಿದ್ದವರೂ ಕಳಿಸುತ್ತಾರೆ. ಯಾಕೆಂದರೆ ಕೆಳಗೆ ಒಂದು ಸಾಲು ಇದ್ದೇ ಇರುತ್ತದೆ: 'ಇದು ಖರೇ ಏನ್ರಿ ಸರ?'

ಈ ಪ್ರಶ್ನೆಗೆ ಉತ್ತರ ಕೊಡುವುದು ಮೇಲ್ನೋಟಕ್ಕೆ ಸುಲಭ. ಖರೆ, ಇಲ್ಲವೇ ಸುಳ್ಳು. ಹಸಿ ಸುಳ್ಳುಗಳೂ ಬರುತ್ತವೆ. ಎಲ್ಲರಿಗೂ ಲ್ಯಾಪ್‌ಟಾಪ್, ಎಲ್ಲರಿಗೂ ಸ್ಕೂಟರ್, ಒಂದು ಲಿಂಕ್, ಲಿಂಕ್ ಒತ್ತಿದರೆ ಆಧಾರ್ ನಂಬರು, ಆಮೇಲೆ ಒಟಿಪಿ. ಅವುಗಳ ಬಗ್ಗೆ ಬ್ಯಾಂಕಿನವರು, ಪೊಲೀಸರು ಎಲ್ಲರೂ ಹೇಳುತ್ತಲೇ ಇದ್ದಾರೆ, ನಾನು ಮತ್ತೆ ಹೇಳಬೇಕಾಗಿಲ್ಲ. ನನ್ನನ್ನು ಕಾಡುವುದು ಬೇರೆ ಥರದವು. ಅವು ಸುಳ್ಳಲ್ಲ. ಎಲ್ಲೋ ಒಂದು ಕಡೆ, ಯಾರಿಗೋ ಒಬ್ಬರಿಗೆ, ಯಾವುದೋ ಒಂದು ವರ್ಷ ಅವು ನೂರಕ್ಕೆ ನೂರು ಖರೆ. ಆದರೆ ಎಲ್ಲಿ, ಯಾರಿಗೆ, ಯಾವಾಗ ಎಂಬ ಮೂರೂ ದಾರಿಯಲ್ಲೇ ಉದುರಿಹೋಗಿ, ನಮ್ಮ ಓಣಿಗೆ ಬರುವಷ್ಟರಲ್ಲಿ ಮೊತ್ತ ಒಂದೇ ಉಳಿದಿರುತ್ತದೆ.

ಗಡಿಯಾಚೆಯ ಖರೆ

2024ರ ಜುಲೈ. ಸಿರುಗುಪ್ಪದ ನಮ್ಮ ಓಣಿಯಲ್ಲಿ ಬಳೆ ಅಂಗಡಿ ಇಟ್ಟುಕೊಂಡಿರುವ ಅಕ್ಕ ಒಬ್ಬರಿದ್ದಾರೆ. ಅವರ ಯಜಮಾನರು ಭತ್ತದ ಲಾರಿಯ ಮೇಲಿಂದ ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದವರು. ಮಲಗಿದ ಕಡೆಯೇ ಎಲ್ಲ. ನಮ್ಮ ರಾಜ್ಯದ ಲೆಕ್ಕದಲ್ಲಿ ಶೇಕಡ 75ರ ಮೇಲಿನವರು, ತಿಂಗಳಿಗೆ ಸಾವಿರದ ನಾನೂರು ಬರುತ್ತಿತ್ತು. ಒಂದು ಸಂಜೆ ಅಕ್ಕ ಸೆರಗಿನಲ್ಲಿ ಫೋನ್ ಒರೆಸಿಕೊಳ್ಳುತ್ತಾ ಬಂದು ಕಟ್ಟೆಯ ಮೇಲೆ ಕೂತರು. "ತಮ್ಮಾ, ಇದನ್ನೀಟು ನೋಡು. ನಮ್ಮ ತಂಗಿ ಮೈದುನಗ ಹದಿನೈದು ಸಾವಿರ ಬಂದೈತಂತ. ಮನಿಗೇ ಬಂದು ಎಣಿಸಿ ಕೊಟ್ಟು ಹೋಗ್ಯಾರ. ನಮ್ಮನಿಯವರೂ ಹಂಗ ಮಲಗ್ಯಾರಲ್ಲ, ನಮಗ್ಯಾಕ ಇನ್ನ ಸಾವಿರದ ನಾನೂರು?"

ವಿಡಿಯೊ ನೋಡಿದೆ. ಮೊದಲನೆಯದು ತೆಲುಗಿನದು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆಂಧ್ರದಲ್ಲಿ ಹೊಸ ಸರ್ಕಾರ ಬಂದ ಮೇಲೆ ಎನ್‌ಟಿಆರ್ ಭರೋಸಾ ಪಿಂಚಣಿಯನ್ನು ಏರಿಸಿದ್ದರು. ಅಂಗವಿಕಲರಿಗೆ 3 ಸಾವಿರ ಇದ್ದದ್ದು 6 ಸಾವಿರ, ಹಾಸಿಗೆ ಅಥವಾ ಗಾಲಿಕುರ್ಚಿ ಬಿಟ್ಟು ಏಳಲಾಗದವರಿಗೆ 5 ಸಾವಿರದಿಂದ 15 ಸಾವಿರ. ಜುಲೈ 1ರಂದು ಅಲ್ಲಿನ ಗ್ರಾಮ, ವಾರ್ಡ್ ಸಚಿವಾಲಯಗಳ ಸಿಬ್ಬಂದಿ ಮನೆಮನೆಗೆ ಹೋಗಿ ಹಂಚಿದ್ದರು. ಅಕ್ಕನ ತಂಗಿಯನ್ನು ಕೊಟ್ಟಿದ್ದು ಆದೋನಿ ಕಡೆಗೆ. ಆ ವಿಡಿಯೊದಲ್ಲಿ 'ಆಂಧ್ರಪ್ರದೇಶ' ಎಂದು ಎಲ್ಲೂ ಹೇಳಿರಲಿಲ್ಲ. ಹೇಳುವ ಅಗತ್ಯವಾದರೂ ಏನಿತ್ತು, ನೋಡುವವರು ಅಲ್ಲಿಯವರೇ ಎಂದು ಅವರು ಅಂದುಕೊಂಡಿದ್ದರು. ಎರಡನೆಯದು ಕನ್ನಡದ್ದು. ಅದು ಮೊದಲನೆಯದರ ಸರಕನ್ನೇ ಎತ್ತಿಕೊಂಡು, ಮೇಲೆ ಕೆಂಪು ಅಕ್ಷರದಲ್ಲಿ 'ಅಂಗವಿಕಲರ ಪಿಂಚಣಿ ಭಾರಿ ಏರಿಕೆ' ಎಂದು ಬರೆದು, ಪಕ್ಕದಲ್ಲಿ ನೋಟಿನ ಕಂತೆಯ ಚಿತ್ರ ಅಂಟಿಸಿತ್ತು. ಯಾವ ರಾಜ್ಯ ಎನ್ನುವುದು ವಿಡಿಯೊದ ಕೊನೆಕೊನೆಗೆ, ಅದೂ ಅವಸರದಲ್ಲಿ ಬರುತ್ತಿತ್ತು. ಅಲ್ಲಿತನಕ ಯಾರು ನೋಡುತ್ತಾರೆ?

"ಅಕ್ಕಾ, ಇದು ಆಂಧ್ರದ್ದು, ನಮಗೆ ಬರಲ್ಲ" ಅಂದೆ. "ಆಂಧ್ರ ಅಂದ್ರ ಎಷ್ಟು ದೂರ ಐತಿ? ಹಬ್ಬಕ್ಕ ಮುಂಜಾನೆ ಹೋಗಿ ಸಂಜಿಗೆ ಬರ್ತೀವಿ" ಅಂದರು. ಹೌದಲ್ಲ. ನಮ್ಮಲ್ಲಿ ಅರ್ಧ ಮನೆಗಳಲ್ಲಿ ತೆಲುಗು ಓಡಾಡುತ್ತದೆ, ಸೊಸೆಯಂದಿರು ಅಲ್ಲಿಂದ ಬರುತ್ತಾರೆ, ಹೆಣ್ಣುಮಕ್ಕಳು ಅಲ್ಲಿಗೆ ಹೋಗುತ್ತಾರೆ. 1953ರ ಅಕ್ಟೋಬರ್ 1ರವರೆಗೆ ಆದೋನಿ ನಮ್ಮ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಅವತ್ತು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ಆಗ ಎಳೆದ ಗೆರೆಯ ಈಚೆ ಬಿದ್ದ ಮನುಷ್ಯನಿಗೆ ಸಾವಿರದ ನಾನೂರು, ಆಚೆ ಬಿದ್ದವನಿಗೆ ಹದಿನೈದು ಸಾವಿರ. ಬೆನ್ನುಮೂಳೆ ಇಬ್ಬರದೂ ಮುರಿದದ್ದೇ. ಫೋನಿಗೆ ಆ ಗೆರೆ ಕಾಣುವುದಿಲ್ಲ. ತೆಲುಗು ಗೊತ್ತಿದ್ದವರು ಎಂದು ಒಮ್ಮೆ ತಿಳಿದುಕೊಂಡರೆ ಮುಗಿಯಿತು, ಆಚೆಯದನ್ನೂ ಈಚೆಯದನ್ನೂ ಒಂದೇ ಸಾಲಿನಲ್ಲಿ ತಂದು ಸುರಿಯುತ್ತದೆ. ರಾಯಚೂರು ಕಡೆ ಇದು ಇನ್ನೂ ತಮಾಷೆ. ಅಲ್ಲಿ ಮಂತ್ರಾಲಯದ ಕಡೆಯಿಂದ ಆಂಧ್ರದ ಸುದ್ದಿ, ಗದ್ವಾಲ್ ಕಡೆಯಿಂದ ತೆಲಂಗಾಣದ 4,016 ರೂಪಾಯಿಯ ಸುದ್ದಿ, ನಡುವೆ ನಮ್ಮದು.

ಅಕ್ಕ ನನ್ನ ಮಾತು ಪೂರ್ತಿ ನಂಬಲಿಲ್ಲ ಅನ್ನಿಸುತ್ತದೆ. ಮಾರನೇ ವಾರ ಅಂಗಡಿ ಮುಚ್ಚಿ, ಯಜಮಾನರನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ, ನಾಡಕಚೇರಿಗೆ ಹೋಗಿ ಬಂದರು. ಅಲ್ಲಿ ಹೊರಗೆ ಯಾರೋ 'ಹೊಸ ರೇಟಿನ ಫಾರಂ' ಎಂದು ಒಂದು ಜೆರಾಕ್ಸ್ ಹಾಳೆ ಮಾರಿದ್ದರು. ನೋಡಿದರೆ ಅದು ಯಾವಾಗಿನದೋ ಮಾಮೂಲಿ ಮಾಸಾಶನದ ಅರ್ಜಿ, ಇಲಾಖೆಯದೇ, ಬಿಟ್ಟಿ ಸಿಗುವಂಥದ್ದು. ಅದನ್ನೂ ನೇರವಾಗಿ ಸುಳ್ಳು ಅನ್ನಲು ಬರುವುದಿಲ್ಲ, ನೋಡಿ.

ಆಸೆ ಬಂದ ದಾರಿಯಲ್ಲೇ ಭಯವೂ ಬಂತು. 2025ರಲ್ಲಿ ಆಂಧ್ರದವರು ಅಂಗವಿಕಲರ ಪ್ರಮಾಣಪತ್ರಗಳ ಮರುಪರಿಶೀಲನೆಗೆ ಇಳಿದರು, ಬಹಳ ಜನಕ್ಕೆ ನೋಟಿಸ್ ಹೋಯಿತು, ಅಲ್ಲಿ ದೊಡ್ಡ ಗಲಾಟೆಯೇ ಆಯಿತು. ಇಲ್ಲಿ ಬಳೆ ಅಂಗಡಿಯ ಅಕ್ಕ ರಾತ್ರಿ ಎಂಟು ಗಂಟೆಗೆ ಬಂದು, "ಮತ್ತ ಡಾಕ್ಟರಿಗೆ ತೋರಿಸ್ಬೇಕಂತ, ಇಲ್ಲಂದ್ರ ಕಟ್ ಅಂತ. ಟಾಟಾ ಏಸ್ ಮಾತಾಡೀನಿ, ಯಾವ ದವಾಖಾನಿಗೆ ಕರಕೊಂಡು ಹೋಗ್ಲಿ?" ಎಂದರು. ಸ್ವಾಧೀನವಿಲ್ಲದ ಒಬ್ಬ ಗಂಡಸನ್ನು ಹಾಸಿಗೆಯಿಂದ ಗಾಡಿಗೆ ಹಾಕುವುದು ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು. ನಾಲ್ಕು ಜನ ಬೇಕು, ಕೆಳಗೆ ದಪ್ಪ ಕೌದಿ ಬೇಕು, ಮೂತ್ರದ ಚೀಲ ಯಾರಾದರೂ ಎತ್ತಿ ಹಿಡಿಯಬೇಕು, ಬೆನ್ನಿನ ಹುಣ್ಣು ಮತ್ತೆ ಬಾಯಿ ಬಿಡದಂತೆ ನೋಡಿಕೊಳ್ಳಬೇಕು. ದಿನದ ಬಾಡಿಗೆ ಕೊಟ್ಟರೆ ಆ ತಿಂಗಳ ಮಾಸಾಶನ ಹೆಚ್ಚುಕಮ್ಮಿ ಅಲ್ಲಿಗೇ ಮುಗಿಯಿತು. ಗಾಡಿಯವನಿಗೆ ಫೋನ್ ಮಾಡಿ ಬೇಡವೆಂದು ಹೇಳಿಸಿದೆ. ತಪ್ಪು ಮಾಹಿತಿಯ ಖರ್ಚು ಎಲ್ಲರಿಗೂ ಒಂದೇ ಅಲ್ಲ. ನೆಟ್ಟಗೆ ನಡೆಯುವವನು ತಪ್ಪು ಸುದ್ದಿ ನಂಬಿ ಒಂದು ಸಲ ತಾಲ್ಲೂಕು ಕಚೇರಿಗೆ ಹೋಗಿ ಬಂದರೆ ಅರ್ಧ ದಿನ ಹೋಯಿತು, ಬಯ್ಯುತ್ತಾ ಬರುತ್ತಾನೆ, ಅಷ್ಟೆ. ವಿಚಾರಿಸಿಕೊಂಡು ಬರುವುದೇ ಯಾರಿಗೆ ಎಲ್ಲಕ್ಕಿಂತ ಕಷ್ಟವೋ ಅವರ ಹೆಸರಿನಲ್ಲೇ ಈ ಸುದ್ದಿಗಳೆಲ್ಲ ತಿರುಗುತ್ತಿವೆ.

ಎಂಬತ್ತು ಯಾರದು, ನಲವತ್ತು ಯಾರದು

ಇನ್ನೊಂದು ಕಥೆ ತೆಕ್ಕಲಕೋಟೆಯದು. ಇದರಲ್ಲಿ ಯೂಟ್ಯೂಬ್ ಇಲ್ಲ, ದಲ್ಲಾಳಿ ಇಲ್ಲ. ಟೈಲರ್ ಒಬ್ಬರು, ನನ್ನ ಹಾಗೆ ಪೋಲಿಯೊದವರು, ಶೇಕಡ 60ರ ಪ್ರಮಾಣಪತ್ರ ಕೈಯಲ್ಲಿದೆ. ಮಾಸಾಶನಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಯಾಕೆ ಅಂದರೆ, ಸರ್ಕಾರದ ವೆಬ್‌ಸೈಟಿನಲ್ಲೇ ಮಗ ಓದಿ ಹೇಳಿದ್ದಾನೆ, ಶೇಕಡ 80 ಇರಬೇಕಂತೆ. ಮಗ ಓದಿದ್ದು ಸರಿ. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಗೆ ಶೇಕಡ 80 ಬೇಕು, ಬಡತನ ರೇಖೆಯ ಕೆಳಗಿನ ಕುಟುಂಬವಾಗಿರಬೇಕು, ಕೇಂದ್ರ ಕೊಡುವುದು ತಿಂಗಳಿಗೆ 300 ರೂಪಾಯಿ. ಆ 300 ಎಷ್ಟೋ ವರ್ಷದಿಂದ 300ರಲ್ಲೇ ಕೂತಿದೆ. ನಮ್ಮ ರಾಜ್ಯದ ಮಾಸಾಶನದ ಲೆಕ್ಕ ಬೇರೆ, ಅದು 40ರಿಂದಲೇ ಶುರು. 40ರಿಂದ 75ರ ಒಳಗಿನವರದನ್ನು 2021ರಲ್ಲಿ 600ರಿಂದ 800ಕ್ಕೆ ಏರಿಸಿದರು. ಎರಡು ಪುಟಗಳೂ ಸರ್ಕಾರದವೇ, ಎರಡೂ ಖರೆ. ಕೇಂದ್ರದ ಪುಟ ರಾಜ್ಯದ ಮಾತೆತ್ತುವುದಿಲ್ಲ, ರಾಜ್ಯದ ಪುಟ ಹುಡುಕಿದವನಿಗೆ ಮೊದಲು ಸಿಗುವುದಿಲ್ಲ. ಇಂಥ ಮನುಷ್ಯನನ್ನು ಯಾರೂ ಮೋಸ ಮಾಡಲಿಲ್ಲ, ಅವರು ದೂರು ಕೊಡಲೂ ಇಲ್ಲ. ಓದಿಕೊಂಡು ಸುಮ್ಮನಾದರು. ಹೀಗೆ ಸುಮ್ಮನಾದವರ ಲೆಕ್ಕ ಯಾವ ಇಲಾಖೆಯ ಹತ್ತಿರವೂ ಇರುವುದಿಲ್ಲ. ಮೋಸದ ಲಿಂಕಿನ ಬಗ್ಗೆ ನಾವು ಇಷ್ಟು ಮಾತಾಡುತ್ತೇವೆ, ಇದರ ಬಗ್ಗೆ ಮಾತಾಡುವುದೇ ಇಲ್ಲ ಎನ್ನುವುದು ನನ್ನ ತಕರಾರು.

ಶೇಕಡಾವಾರಿನ ವಿಷಯ ಬಂದಾಗ ಇನ್ನೊಂದು ಹೇಳಿಬಿಡುತ್ತೇನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದ ಮೇಲೆ ಅಂಗವೈಕಲ್ಯದ ಬಗೆಗಳು 7 ಇದ್ದದ್ದು 21 ಆದವು, ಎರಡು ಮೂರು ತೊಂದರೆ ಒಟ್ಟಿಗೆ ಇದ್ದವರನ್ನೂ ಲೆಕ್ಕಕ್ಕೆ ಹಿಡಿದರು. ಕಾಲಿನದು 30, ಕಿವಿಯದು 10 ಇದ್ದರೆ ಒಟ್ಟು 40 ಆಯಿತು, ಅರ್ಜಿ ಹಾಕಿ ಎಂದು ಹೇಳುವ ವಿಡಿಯೊಗಳನ್ನು ನೋಡಿದ್ದೇನೆ. ಹಾಗೆ ಕೂಡಿಸುವುದಿಲ್ಲ. ದೊಡ್ಡದನ್ನು ಹಾಗೇ ಇಟ್ಟುಕೊಂಡು, 90ರಲ್ಲಿ ಅದನ್ನು ಕಳೆದು, ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. 30ಕ್ಕೆ 10 ಸೇರಿದರೆ ಬರುವುದು 36.7. ನಲವತ್ತು ದಾಟಲಿಲ್ಲ, ಮಾಸಾಶನವೂ ಇಲ್ಲ. ಚಿಕ್ಕದು 15 ಇದ್ದರೆ ಸರಿಯಾಗಿ 40. ಈ ಲೆಕ್ಕವನ್ನು ನಾನು ಹತ್ತನೇ ತರಗತಿಯ ಹುಡುಗರಿಗೆ ಬೋರ್ಡಿನ ಮೇಲೆ ಕೊಟ್ಟು ನೋಡಿದೆ. ಮಾಡಿದರು. ಆದರೆ ಒಬ್ಬ ಹುಡುಗ ಎದ್ದು, "ಸರ್, 90 ಯಾಕೆ, 100 ಯಾಕಲ್ಲ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಮಾರ್ಗಸೂಚಿಯಲ್ಲಿ ಸೂತ್ರ ಹಾಗಿದೆ ಅಂದೆ. ಮೇಷ್ಟ್ರಾದವನು ಕೊಡಬಾರದ ಉತ್ತರ ಅದು, ಬೇರೆ ಇರಲಿಲ್ಲ.

ಓದಲು ಬರುವ ಕಸ

ಬಳ್ಳಾರಿಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಪೂರ್ತಿ ಅಂಧ. ಫೋನನ್ನು, ತೆರೆಯ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್‌ನಲ್ಲಿ ನಮಗಿಂತ ಚುರುಕಾಗಿ ಓಡಿಸುತ್ತಾನೆ. ಅದರ ಓದಿನ ವೇಗ ಎಷ್ಟಿಟ್ಟಿರುತ್ತಾನೆ ಅಂದರೆ ನಮಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಅವನ ಮನೆಯಲ್ಲಿ ಕೂತಾಗ ಒಂದು ಸೌಲಭ್ಯದ ಬಗ್ಗೆ ಮಾತು ಬಂತು, ಇಬ್ಬರೂ ಹುಡುಕಲು ಕೂತೆವು. ಮೊದಲು ಸಿಕ್ಕಿದ್ದು ಜಾಹೀರಾತಿನಿಂದ ಬದುಕುವ ಒಂದು ಪುಟ. ಫೋನು ಗಡಗಡ ಓದಿಕೊಂಡು ಹೋಯಿತು. 'ಆತ್ಮೀಯ ಓದುಗರೇ, ನಮಸ್ಕಾರ. ಇಂದಿನ ಲೇಖನದಲ್ಲಿ ನಾವು ತಿಳಿಯೋಣ', ಜಾಹೀರಾತು, 'ಈ ಯೋಜನೆಯ ಮುಖ್ಯ ಉದ್ದೇಶ', ಜಾಹೀರಾತು, 'ಬೇಕಾಗುವ ದಾಖಲೆಗಳು: ಆಧಾರ್ ಕಾರ್ಡ್, ರೇಷನ್ ಕಾರ್ಡ್, ಎರಡು ಫೋಟೊ', ಜಾಹೀರಾತು, ಕೊನೆಗೆ 'ಹೆಚ್ಚಿನ ಮಾಹಿತಿಗೆ ಹತ್ತಿರದ ಕಚೇರಿಯನ್ನು ಸಂಪರ್ಕಿಸಿ'. ಯಾವ ಕಚೇರಿ ಎಂದು ಹೇಳಿದ್ದರೆ ಈ ಬರಹವೇ ಬೇಕಿರಲಿಲ್ಲ. ಮೇಲೆ ದಿನಾಂಕ ಇವತ್ತಿನದು. ಒಳಗಿನ ಮೊತ್ತ ಮಾತ್ರ 2021ಕ್ಕಿಂತ ಹಿಂದಿನ 600.

ಆಮೇಲೆ ಇಲಾಖೆಯ ಆದೇಶವೇ ಸಿಕ್ಕಿತು. ಗೆಳೆಯ ಖುಷಿಯಿಂದ ತೆಗೆದ. ಫೋನು, 'ಪುಟ ಒಂದು, ಚಿತ್ರ' ಅಂದು ಸುಮ್ಮನಾಯಿತು. ಬೆರಳಾಡಿಸಿದ. 'ಪುಟ ಎರಡು, ಚಿತ್ರ.' ಸಹಿ ಆದ ಹಾಳೆಯನ್ನು ಸ್ಕ್ಯಾನ್ ಮಾಡಿ ಏರಿಸಿದ್ದರು. ಅಂಧರಿಗೂ ಸೇರಿದ ಸೌಲಭ್ಯದ ಆದೇಶವನ್ನು ಅಂಧನಾದವನು ಓದಲಾರ. ನಾನೇ ಓದಿ ಹೇಳಿದೆ, ಅವನು, "ಕಸ ಮಾತ್ರ ಎಷ್ಟು ಛಂದ ಓದ್ತು ನೋಡಪ್ಪ" ಅಂದ.

ನನಗೆ ಇದು ತಮಾಷೆಯ ವಿಷಯವಾಗಿ ಮಾತ್ರ ಉಳಿಯಲಿಲ್ಲ. ಇಡೀ ಸಮಸ್ಯೆಯ ಬುಡ ಇಲ್ಲೇ ಇದೆ ಅನ್ನಿಸಿತು. ನಮ್ಮ ಕಚೇರಿಗಳಲ್ಲಿ ಬಹಳ ಕಾಲ ಆದೇಶಗಳನ್ನು ಟೈಪ್ ಮಾಡಿದ್ದು 'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ, ಎಲ್ಲ ಫೋನು ಕಂಪ್ಯೂಟರುಗಳೂ ಕನ್ನಡವೆಂದು ಗುರುತಿಸುವ ಯೂನಿಕೋಡ್‌ನಲ್ಲಲ್ಲ. ಅಂಥ ಕಡತವನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಸ್ಕ್ಯಾನ್ ಆದದ್ದಂತೂ ಬರೀ ಚಿತ್ರ. ಎರಡನ್ನೂ ಗೂಗಲ್ ಸರಿಯಾಗಿ ಕನ್ನಡವೆಂದು ಓದಿಕೊಳ್ಳುವುದಿಲ್ಲ, ಹಾಗಾಗಿ 'ಅಂಗವಿಕಲರ ಮಾಸಾಶನ' ಎಂದು ಹುಡುಕಿದವನ ಮುಂದೆ ಅವನ್ನು ತಂದು ಇಡುವುದಿಲ್ಲ. ಕಸದ ಪುಟಗಳು ಅಚ್ಚುಕಟ್ಟಾದ ಯೂನಿಕೋಡ್‌ನಲ್ಲಿ, ಹುಡುಕುವವನ ಬಾಯಲ್ಲಿರುವ ಮಾತುಗಳನ್ನೇ ಹತ್ತು ಸಲ ಹಾಕಿ ಬರೆದಿರುತ್ತವೆ. ಅವು ಮೇಲೆ ಬರುತ್ತವೆ. ಜನರಿಗೆ ವಿವೇಚನೆ ಇಲ್ಲ, ಸಿಕ್ಕಿದ್ದೆಲ್ಲ ನಂಬುತ್ತಾರೆ ಎಂದು ಸಭೆಗಳಲ್ಲಿ ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಇಲಾಖೆ ಆದೇಶವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಯನ್ನು ಚೌಕದಲ್ಲಿ ಇಟ್ಟ ಹಾಗೆ ಇದೆ, ಜನ ಇನ್ನೇನು ನಂಬಬೇಕು? 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಾಜೀವ್ ರಾತೂರಿ ಪ್ರಕರಣದಲ್ಲಿ, ಅಂಗವಿಕಲರಿಗೆ ಎಟುಕುವಂತೆ ಮಾಡುವ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಎಂದು ಹೇಳಿತು. ಮರುವರ್ಷ ಏಪ್ರಿಲ್‌ನಲ್ಲಿ ಡಿಜಿಟಲ್ ಸೇವೆ ಎಟುಕುವುದೂ ಬದುಕುವ ಹಕ್ಕಿನ ಭಾಗವೆಂದಿತು. ತೀರ್ಪು ಬಂದು ಆಯಿತು, ಸ್ಕ್ಯಾನರ್ ನಡೆಯುತ್ತಲೇ ಇದೆ.

ಹಳತಾದ ಪುಟಗಳದು ಇನ್ನೊಂದು ಗೋಳು. ಹರಪನಹಳ್ಳಿಯವರನ್ನು ಕೇಳಿ. ಮೊದಲು ಬಳ್ಳಾರಿ ಜಿಲ್ಲೆ, 1997ರಲ್ಲಿ ದಾವಣಗೆರೆ, ಆಮೇಲೆ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಊರು ಇದ್ದಲ್ಲೇ ಇದೆ. ಹಳೆಯ ಪುಟ ನೋಡಿಕೊಂಡು ಹೊರಟರೆ ಯಾವ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಯ ಬಾಗಿಲಿಗೆ ಹೋಗಿ ನಿಲ್ಲುತ್ತೀರಿ ಎನ್ನುವುದು ನೀವು ಯಾವ ವರ್ಷದ ಪುಟ ತೆಗೆದಿರಿ ಎನ್ನುವುದರ ಮೇಲೆ ಇರುತ್ತದೆ.

ಐದು ಬಾಗಿಲು

ಯುಡಿಐಡಿ, ಅಂದರೆ ಅಂಗವಿಕಲರಿಗೆ ಕೇಂದ್ರ ಕೊಡುವ ಗುರುತಿನ ಕಾರ್ಡಿನ ಬಗ್ಗೆ ಇರುವ ಗೊಂದಲ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಕಾರ್ಡು ಅಂಚೆಯಲ್ಲಿ ಮನೆಗೆ ಬಂತು ಅಂದರೆ ದುಡ್ಡು ಬರಲು ಶುರುವಾಗುತ್ತದೆ ಎಂದು ಬಹಳ ಜನ ಕಾಯುತ್ತಾರೆ. ಕಾರ್ಡಿನಿಂದ ತಾನಾಗಿ ಏನೂ ಬರುವುದಿಲ್ಲ. ಅದು ಕೇಂದ್ರದ ಪೋರ್ಟಲ್, ಅರ್ಜಿಗೆ ದುಡ್ಡಿಲ್ಲ, ತಪಾಸಣೆ ಮಾಡುವವರು ಆರೋಗ್ಯ ಇಲಾಖೆಯ ಡಾಕ್ಟರು. ಮಾಸಾಶನ ಕಂದಾಯ ಇಲಾಖೆಯದು, ಅದಕ್ಕೆ ನಾಡಕಚೇರಿಯಲ್ಲಿ ಬೇರೆ ಅರ್ಜಿ, ಗ್ರಾಮ ಆಡಳಿತಾಧಿಕಾರಿ ವಿಚಾರಣೆ ಮಾಡಬೇಕು, ಮೇಲಕ್ಕೆ ಹೋಗಬೇಕು. ಬಸ್ ಪಾಸು ಸಾರಿಗೆ ನಿಗಮದ್ದು, ಸೇವಾ ಸಿಂಧುವಿನಲ್ಲಿ ಅರ್ಜಿ, ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್‌ವರೆಗೆ. 'ಅಂಗವಿಕಲರಿಗೆ ರಾಜ್ಯವಿಡೀ ಉಚಿತ ಪ್ರಯಾಣ' ಎಂದು ಬರುವುದನ್ನು ನಂಬಿ ಬೆಂಗಳೂರು ಬಸ್ಸು ಹತ್ತಿದರೆ ಕಂಡಕ್ಟರ್ ಜೊತೆ ಜಗಳವೇ. (ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಮಾಮೂಲಿ ಬಸ್ಸಿನಲ್ಲಿ ಈ ಪಾಸಿನ ಹಂಗಿಲ್ಲ. ಈಗ ನಮ್ಮ ಮನೆಯಲ್ಲಿ ಬಸ್ಸಿನ ವಿಷಯಕ್ಕೆ ಹಿಂದುಳಿದವನು ನಾನೊಬ್ಬನೇ.) ಯಂತ್ರಚಾಲಿತ ದ್ವಿಚಕ್ರ ವಾಹನ, ಮದುವೆಯ 50 ಸಾವಿರ ಪ್ರೋತ್ಸಾಹಧನ ವಿಕಲಚೇತನರ ಇಲಾಖೆಯವು. ಪಂಚಾಯಿತಿಯಲ್ಲಿ ಅಂಗವಿಕಲರಿಗೆಂದು ಎತ್ತಿಡುವ ಶೇಕಡ 5ರ ಅನುದಾನ ಇನ್ನೊಂದು ಕಡೆ. ಪ್ರತಿಯೊಬ್ಬರ ಪುಟದಲ್ಲೂ ಅವರವರ ಬಾಗಿಲಿನ ವಿಷಯ ಸರಿಯಾಗಿಯೇ ಇದೆ. ಒಂದು ಬಾಗಿಲಿನಿಂದ ಹೊರಬಿದ್ದವನು ಮುಂದಿನ ಬಾಗಿಲಿಗೆ ಹೇಗೆ ಹೋಗಬೇಕು ಎನ್ನುವುದನ್ನು ಮಾತ್ರ ಯಾರೂ ಬರೆದಿಲ್ಲ. ಆ ಖಾಲಿ ಜಾಗದಲ್ಲೇ ದಲ್ಲಾಳಿಯೂ ಯೂಟ್ಯೂಬಿನವನೂ ಅಂಗಡಿ ಹಾಕಿರುವುದು.

ಬರುತ್ತಿದ್ದ ಮಾಸಾಶನ ನಿಂತರಂತೂ ಕೇಳಲೇಬೇಡಿ. 'ಸರ್ಕಾರ ದುಡ್ಡಿಲ್ಲದೆ ನಿಲ್ಲಿಸಿದೆ', 'ಗೃಹಲಕ್ಷ್ಮಿ ತಗೊಂಡವರಿಗೆ ಕಟ್' ಎಂದು ಒಂದೊಂದು ವಿಡಿಯೊದಲ್ಲಿ ಒಂದೊಂದು ಕಾರಣ. ನಮ್ಮ ಓಣಿಯ ಒಬ್ಬ ಅಜ್ಜಿಯ ಮಗಳದು ಹಾಗೇ ನಿಂತಿತ್ತು. ವಿಚಾರಿಸಿದರೆ ನಿಂತೇ ಇರಲಿಲ್ಲ, ಪ್ರತಿ ತಿಂಗಳೂ ಜಮಾ ಆಗುತ್ತಿತ್ತು. ನೇರ ವರ್ಗಾವಣೆಯ ದುಡ್ಡು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗಬೇಕೆಂದೇನೂ ಇಲ್ಲ, ಆಧಾರ್‌ಗೆ ಕೊನೆಯಲ್ಲಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಯಾವಾಗಲೋ ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದುಬಿಟ್ಟಿದ್ದರು, ಅಜ್ಜಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ದುಡ್ಡೆಲ್ಲ ಅಲ್ಲಿ ಕೂತಿತ್ತು. ಇದನ್ನು ಹೇಳುವ ವಿಡಿಯೊ ಯಾಕೆ ಓಡುವುದಿಲ್ಲ ಎಂದರೆ ಇದರಲ್ಲಿ ಬಯ್ಯಲು ಯಾರೂ ಇಲ್ಲ.

ಹಾಗಾದರೆ ಯಾರನ್ನು ಕೇಳುವುದು

ನನ್ನ ಹತ್ತಿರ ಕೇಳಿದವರಿಗೆ ಈಚೆಗೆ ನಾನು ವಿ.ಆರ್.ಡಬ್ಲ್ಯೂ. ಹೆಸರು ಹೇಳುತ್ತೇನೆ. ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕಿಗೆ ಒಬ್ಬ ಎಂ.ಆರ್.ಡಬ್ಲ್ಯೂ., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಬಹುಪಾಲು ಅವರೂ ಅಂಗವಿಕಲರೇ. ಸಂಬಳವಲ್ಲ, ಗೌರವಧನ. ಅವರಿಗೆ ಯಾವ ಮನೆಯಲ್ಲಿ ಯಾರಿದ್ದಾರೆ ಗೊತ್ತು, ಡಾಕ್ಟರು ಯಾವ ವಾರ ತಪಾಸಣೆಗೆ ಕೂರುತ್ತಾರೆ ಗೊತ್ತು, ತಾಲ್ಲೂಕು ಕಚೇರಿಯ ಯಾವ ಟೇಬಲ್ಲಿನಲ್ಲಿ ಕಡತ ಕೂತಿದೆ ಎಂಬುದೂ ಗೊತ್ತು. ಇವು ಯಾವ ವೆಬ್‌ಸೈಟಿನಲ್ಲೂ ಇಲ್ಲ, ಇರಲೂ ಸಾಧ್ಯವಿಲ್ಲ. ಎಲ್ಲರೂ ಒಂದೇ ಥರ ಇರುತ್ತಾರೆ ಎಂದೇನೂ ಅಲ್ಲ. ಫೋನ್ ಎತ್ತದವರೂ ಇದ್ದಾರೆ, ಊರ ರಾಜಕೀಯಕ್ಕೆ ಸಿಕ್ಕಿ ಅರ್ಧ ಓಣಿಗೆ ಹೋಗದವರೂ ಇದ್ದಾರೆ. ಆದರೂ ಅವರು ಹೇಳಿದ್ದು ತಪ್ಪಾದರೆ ನಾಳೆ ಚಹದಂಗಡಿಯ ಮುಂದೆ ಹಿಡಿದು ಕೇಳಬಹುದು. ವಿಡಿಯೊ ಮಾಡಿದವನನ್ನು ಎಲ್ಲಿ ಹಿಡಿಯುವುದು?

ನಮ್ಮ ಹತ್ತಿರದ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. ಹುಡುಗ ನನ್ನ ಹಳೇ ವಿದ್ಯಾರ್ಥಿ. ಅವನನ್ನೇ ಕೇಳಿದೆ, "ನಿನಗೆ ಹೆಂಗ ಗೊತ್ತಾಗ್ತದಪ್ಪ ಹೊಸ ಆದೇಶ?" ಅವನು ನಕ್ಕು ಫೋನು ತೋರಿಸಿದ. ವಾಟ್ಸಾಪ್ ಗುಂಪು. ಆದೇಶದ ಪ್ರತಿಯನ್ನು ಯಾರೋ ಟೇಬಲ್ಲಿನ ಮೇಲಿಟ್ಟು ಫೋಟೊ ಹೊಡೆದಿದ್ದಾರೆ, ಮೂಲೆಯಲ್ಲಿ ಹೆಬ್ಬೆರಳು, ಕೆಳಗಡೆ ಚಹದ ಲೋಟದ ಅಂಚು, ಎರಡನೇ ಪುಟ ಬಂದೇ ಇಲ್ಲ. "ಇಷ್ಟರಾಗ ನಾವು ತಿಳ್ಕೊಬೇಕ್ರಿ ಸರ್. ಎರಡನೇ ಹಾಳಿ ಕಳಿಸ್ರಿ ಅಂತ ಕೇಳಿದ್ರ, ಮುಂದ ಮೀಟಿಂಗಿನ್ಯಾಗ ಹೇಳ್ತೀವಿ ಅಂತಾರ." ಖರೆಯೂ ಕಸವೂ ಒಂದೇ ದಾರಿಯಲ್ಲಿ, ಒಂದೇ ಹಸಿರು ಗುಂಡಿಯೊಳಗೆ ಬರುತ್ತಿವೆ ಅಂದಮೇಲೆ, ಬೇರೆ ಮಾಡುವುದು ಹೇಗೆ?

ಅವನದೊಂದು ಉಪಾಯವಿದೆ. ಮೊದಲು ಮೇಲಿನ ಎಡಮೂಲೆ ನೋಡುತ್ತಾನೆ. ಆದೇಶ ಸಂಖ್ಯೆ ಇದೆಯೋ, ಕಂದಾಯ ಇಲಾಖೆಯದಾದರೆ 'ಕಂಇ' ಎಂದು ಶುರುವಾಗುತ್ತದೋ, ದಿನಾಂಕ ಇದೆಯೋ. ಮೊತ್ತವನ್ನು ಕೊನೆಗೆ ನೋಡುತ್ತಾನೆ. ನಾವೆಲ್ಲ ಉಲ್ಟಾ, ಮೊತ್ತ ನೋಡಿದ ಮೇಲೆ ಬೇರೇನೂ ಕಾಣುವುದಿಲ್ಲ. ಇದನ್ನೇ ನಾನು ಬಳೆ ಅಂಗಡಿಯ ಅಕ್ಕನಿಗೂ ಹೇಳಿಕೊಟ್ಟೆ, ಅವರಿಗೆ ಓದಲು ಬರುತ್ತದೆ. ಈಗ ಬಂದರೆ, "ನಂಬರಿಲ್ಲ ತಮ್ಮಾ ಇದಕ್ಕ, ಆದ್ರೂ ನೋಡು" ಎಂದೇ ಶುರು ಮಾಡುತ್ತಾರೆ. ಆದ್ರೂ ನೋಡು ಎನ್ನುವುದನ್ನು ಬಿಟ್ಟಿಲ್ಲ. ಹದಿನೈದು ಸಾವಿರದ ಮುಂದೆ ಸಾವಿರದ ನಾನೂರು ಇಟ್ಟುಕೊಂಡು ಕೂತವರು ಬಿಡುವುದಾದರೂ ಹೇಗೆ?

ವಿ.ಆರ್.ಡಬ್ಲ್ಯೂ. ಹುಡುಗ ಈಗ ತಾನೇ ಮಾಹಿತಿ ಬರೆದು ಊರ ಗುಂಪಿಗೆ ಹಾಕುತ್ತಾನೆ. ಮೇಲೆ ದಿನಾಂಕ, ಆದೇಶ ಸಂಖ್ಯೆ, ಕೆಳಗೆ 'ಬಳ್ಳಾರಿ ಜಿಲ್ಲೆ, ಸಿರುಗುಪ್ಪ ತಾಲ್ಲೂಕಿಗೆ ಮಾತ್ರ'. ಮೊನ್ನೆ ತಪಾಸಣಾ ಶಿಬಿರದ ದಿನ ಹಾಗೆ ಹಾಕಿದ್ದ. ಯಾರೋ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಅಳಿಸಿ ಮುಂದಕ್ಕೆ ಕಳಿಸಿದ್ದಾರೆ. ಶಿಬಿರದ ದಿನ ಗಂಗಾವತಿ ಕಡೆಯಿಂದ ಎರಡು ಆಟೊ ಬಂದು ನಿಂತಿದ್ದವಂತೆ. ಅವನು ಡಾಕ್ಟರ ಕೈಕಾಲು ಹಿಡಿದು ಅವರನ್ನೂ ನೋಡಿಸಿ, ಪ್ರಮಾಣಪತ್ರಕ್ಕೆ ಕೊಪ್ಪಳಕ್ಕೇ ಹೋಗಬೇಕು ಎಂದು ಒಂದೊಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟು ಕಳಿಸಿದ. ಮುಂದಿನ ಸಲ ತಾಲ್ಲೂಕಿನ ಹೆಸರನ್ನು ಮೊದಲ ಸಾಲಿನಲ್ಲೇ, ದಿನಾಂಕದ ನಡುವೆ ಸಿಕ್ಕಿಸಿ ಬರೆಯುತ್ತಾನಂತೆ, ಅಳಿಸಿದರೆ ದಿನಾಂಕವೂ ಹೋಗಬೇಕು ಹಾಗೆ.